ಮುಕ್ತ ಸಿಮ್ಯುಲೇಷನ್ ತಂತ್ರಾಂಶ ಮತ್ತು ವೇಗದ ಗಣಿತ ಲೈಬ್ರರಿ

ನಾಸಿಕ ನಗರದ ಅಂಚಿನಲ್ಲಿ ಸಾತಪೂರಿಗೆ ಒತ್ತಿಕೊಂಡಿರುವ ಅಂಬಡ್, ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತುಗಳಲ್ಲಿ ಒಂದು. (ಛತ್ರಪತಿ ಸಂಭಾಜಿನಗರದ ಆಚೆ, ಜಾಲ್ನಾ ಜಿಲ್ಲೆಯಲ್ಲಿ ಇದೇ ಹೆಸರಿನ ತಾಲ್ಲೂಕು ಪಟ್ಟಣವಿದೆ, ಅದು ಬೇರೆ.) ವಿದ್ಯುತ್ ಸ್ವಿಚ್‌ಗೇರ್, ವಾಹನದ ಬಿಡಿಭಾಗ, ಡೈ, ಜಿಗ್, ಪ್ರೆಸ್ ಟೂಲ್ ಇಲ್ಲಿನ ಕಸುಬುಗಳು. ಸಂಭಾಜಿನಗರದ ವಾಳೂಜ್, ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ ಹೆಚ್ಚುಕಡಿಮೆ ಇದೇ ಜಾತಿಯವು. ಇಂಥ ಕಡೆ ಲೋಹ ಕತ್ತರಿಸುವ ಮೊದಲೇ ಉತ್ತರ ಬೇಕಾದ ಪ್ರಶ್ನೆಗಳು ದಿನವೂ ಏಳುತ್ತವೆ. 20 ಸೆಂ.ಮೀ. ಅಂತರದ ಎರಡು ಬಸ್‌ಬಾರ್‌ಗಳಲ್ಲಿ ಶಾರ್ಟ್ ಸರ್ಕ್ಯೂಟ್ ಆದ ಕ್ಷಣ 1 ಲಕ್ಷ ಆಂಪಿಯರ್ ಹರಿಯಿತೆನ್ನಿ. ಪ್ರತಿ ಮೀಟರ್ ಉದ್ದಕ್ಕೆ 10,000 ನ್ಯೂಟನ್, ಅಂದರೆ ಒಂದು ಟನ್ ತೂಕದಷ್ಟು ಬಲ ಅವುಗಳ ನಡುವೆ ಹುಟ್ಟುತ್ತದೆ. ಹಿಡಿದಿರುವ ಇನ್ಸುಲೇಟರ್ ತಾಳೀತೇ? ಕೊನೆಗೆ ಇದನ್ನು ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ನಿಜವಾದ ಕರೆಂಟ್ ಹರಿಸಿಯೇ ಪರೀಕ್ಷಿಸಬೇಕು. ಆದರೆ ಅಲ್ಲಿಗೆ ಒಯ್ಯುವ ಮುಂಚೆ ಕಂಪ್ಯೂಟರಿನಲ್ಲಿ ಹತ್ತು ಆಕಾರಗಳನ್ನು ಹಾಕಿ ನೋಡಿ ಒಂಬತ್ತನ್ನು ಬಿಟ್ಟುಬಿಡುವುದು ಎಷ್ಟೋ ಅಗ್ಗ. ಹಾಗೆ ನೋಡಲು ಬೇಕಾದ ತಂತ್ರಾಂಶಗಳಲ್ಲಿ ಕೆಲವು ಮುಕ್ತವಾಗಿ ಸಿಗುತ್ತವೆ: ಕ್ಯಾಲ್ಕ್ಯುಲಿಕ್ಸ್, ಕೋಡ್ ಆಸ್ಟರ್, ಎಲ್ಮರ್, ಓಪನ್‌ಫೋಮ್. ಇವುಗಳ ಮೂಲ ಕೋಡನ್ನು ತಾವೇ ಕಂಪೈಲ್ ಮಾಡಿ, ಒಳಗಿನ ಗಣಿತದ ಕೆಲಸಕ್ಕೆ ಹೆಚ್ಚು ಚುರುಕಾದ ಲೈಬ್ರರಿಯನ್ನು ಲಿಂಕ್ ಮಾಡಿಕೊಳ್ಳುವ ರೂಢಿ ಈ ಲೇಖನದ ವಿಷಯ. ಈ ರೂಢಿಯ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ: ಲೈಬ್ರರಿ ಬದಲಿಸಿದರೆ ಎಲ್ಲವೂ ಓಡುತ್ತದೆ ಎಂಬುದು ಒಂದು, ಅದೆಲ್ಲ ಹುಡುಗರ ಗೀಳು ಎಂಬುದು ಇನ್ನೊಂದು. ಎರಡೂ ಅರೆಬೆಂದ ಮಾತುಗಳೇ. ಲಾಭ ಸಿಗುವುದೂ ಸಿಗದಿರುವುದೂ ಆ ತಂತ್ರಾಂಶ ತನ್ನ ಸಮೀಕರಣಗಳನ್ನು ಯಾವ ರೂಪದಲ್ಲಿ ಜೋಡಿಸಿಕೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ, ಮತ್ತು ಅದನ್ನು ಮೊದಲೇ ತಿಳಿಯಲು ಸಾಧ್ಯವಿದೆ.

ಗಣಿತ ಲೈಬ್ರರಿ ಎಂದರೆ ಇಲ್ಲಿ ಮುಖ್ಯವಾಗಿ ಬ್ಲಾಸ್ ಮತ್ತು ಅದರ ಮೇಲೆ ಕಟ್ಟಿದ ಲಾಪ್ಯಾಕ್. ಲಾಸನ್, ಹ್ಯಾನ್ಸನ್, ಕಿನ್‌ಕೇಡ್, ಕ್ರೋಗ್ ಎಂಬ ನಾಲ್ವರು 1979ರಲ್ಲಿ ಪ್ರಕಟಿಸಿದ ಮೊದಲ ಬ್ಲಾಸ್, ಎರಡು ಸದಿಶಗಳನ್ನು ಕೂಡುವ, ಗುಣಿಸುವ ಸಣ್ಣ ಕೆಲಸಗಳಿಗೆ ಒಂದೇ ಹೆಸರು, ಒಂದೇ ಕರೆಯ ವಿಧಾನ ಗೊತ್ತುಮಾಡಿತು. 1988ರಲ್ಲಿ ಮಾತೃಕೆ ಮತ್ತು ಸದಿಶದ ಗುಣಾಕಾರ ಎರಡನೆಯ ಹಂತವಾಗಿ ಸೇರಿತು. 1990ರ ಮೂರನೆಯ ಹಂತದಲ್ಲಿ ಮಾತೃಕೆಯನ್ನು ಮಾತೃಕೆಯಿಂದ ಗುಣಿಸುವ ಕೆಲಸ ಬಂತು, ನಿಜವಾದ ತಿರುವು ಅದೇ. ಸಾವಿರ ಸಾಲು, ಸಾವಿರ ಕಂಬಗಳ ಎರಡು ಮಾತೃಕೆಗಳಲ್ಲಿ ಇರುವುದು 20 ಲಕ್ಷ ಸಂಖ್ಯೆಗಳು. ಅವನ್ನು ಗುಣಿಸಲು ಬೇಕಾದ್ದು 200 ಕೋಟಿ ಲೆಕ್ಕಗಳು. ಒಮ್ಮೆ ಮೆಮೊರಿಯಿಂದ ತಂದ ಸಂಖ್ಯೆಯನ್ನು ಮತ್ತೆ ಮತ್ತೆ ಬಳಸಿಕೊಳ್ಳುವ ಅವಕಾಶ ಇಲ್ಲಿದೆ, ಮೊದಲಿನ ಎರಡು ಹಂತಗಳಲ್ಲಿ ಇಲ್ಲ. ಈ ಅವಕಾಶವನ್ನು ಯಾರು ಎಷ್ಟು ಹಿಂಡಿಕೊಂಡರು ಎಂಬುದೇ ಮುಂದಿನ ಮೂವತ್ತು ವರ್ಷಗಳ ಚರಿತ್ರೆ. ಟೆನೆಸ್ಸಿಯಲ್ಲಿ ಹುಟ್ಟಿದ ಅಟ್ಲಾಸ್, ಇನ್‌ಸ್ಟಾಲ್ ಆಗುವಾಗ ಯಂತ್ರವನ್ನೇ ಅಳೆದು ತನ್ನ ಲೂಪುಗಳನ್ನು ಹೊಂದಿಸಿಕೊಂಡಿತು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದ ಕಜುಶಿಗೆ ಗೋಟೊ ಅಸೆಂಬ್ಲಿ ಭಾಷೆಯಲ್ಲಿ ಕೈಯಾರೆ ಬರೆದ ಕೋಡು ಅದನ್ನೂ ಹಿಂದೆ ಹಾಕಿತು. ಆ ಕೋಡನ್ನು ಮುಂದುವರಿಸಿ ಚೀನಾದ ಝಾಂಗ್ ಷಿಯಾನ್‌ಯಿ 2011ರಲ್ಲಿ ಆರಂಭಿಸಿದ ಓಪನ್‌ಬ್ಲಾಸ್ ಇಂದು ಮುಕ್ತ ಲೈಬ್ರರಿಗಳಲ್ಲಿ ಹೆಚ್ಚು ಬಳಕೆಯದು. ಟೆಕ್ಸಾಸಿನದೇ ಇನ್ನೊಂದು ಕವಲಾದ ಬ್ಲಿಸ್, ಎಎಂಡಿ ಕಂಪನಿಯ ಲೈಬ್ರರಿಗೆ ತಳಪಾಯ. ಇಂಟೆಲ್‌ನ ಎಂಕೆಎಲ್ ಹಣ ಕೊಡದೆ ಸಿಗುತ್ತದೆ, ಆದರೆ ಅದರ ಮೂಲ ಕೋಡು ಮುಚ್ಚಿದೆ.

ವೇಗ ಎಲ್ಲಿಂದ ಬರುತ್ತದೆ ಎನ್ನಲು ಒಂದು ಹಳೆಯ ಯಂತ್ರವನ್ನೂ ಒಂದು ಈಗಿನ ಯಂತ್ರವನ್ನೂ ಪಕ್ಕಪಕ್ಕ ಇಡಬೇಕು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ (ಎನ್‌ಎಎಲ್) ಯು. ಎನ್. ಸಿನ್ಹಾ ಅವರ ತಂಡ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತು. ದ್ರವಗಳ ಹರಿವಿನ ಸಮೀಕರಣ ಬಿಡಿಸಲೆಂದೇ ಹುಟ್ಟಿದ ಅದರ ಮೊದಲ ರೂಪದಲ್ಲಿದ್ದದ್ದು ಇಂಟೆಲ್ 8086 ಪ್ರೊಸೆಸರ್, ಜೊತೆಗೆ 8087 ಗಣಿತ ಚಿಪ್. 8087ಕ್ಕೆ ಒಂದು ದಶಮಾಂಶ ಗುಣಾಕಾರ ಮುಗಿಸಲು ನೂರರ ಆಸುಪಾಸು ಗಡಿಯಾರ ಮಿಡಿತ ಹಿಡಿಯುತ್ತಿತ್ತು. ಆಗ ದುಬಾರಿಯಾಗಿದ್ದದ್ದು ಲೆಕ್ಕವೇ. ಸಂಖ್ಯೆ ತಂದುಕೊಡುವುದಕ್ಕೆ ಮೆಮೊರಿಗೆ ಸಮಯ ಸಾಕಷ್ಟಿತ್ತು. ಇಂದಿನ ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರಿನ ಒಂದು ಕೋರ್ ಒಂದೇ ಮಿಡಿತಕ್ಕೆ 16 ಲೆಕ್ಕ ಮಾಡಬಲ್ಲುದು. 3 ಗಿಗಾಹರ್ಟ್ಸ್ ವೇಗದ ಎಂಟು ಕೋರ್‌ಗಳಿದ್ದರೆ ಸೆಕೆಂಡಿಗೆ 38,400 ಕೋಟಿ. ಅದೇ ಯಂತ್ರದ ಎರಡು ಚಾನೆಲ್ಲಿನ ಡಿಡಿಆರ್4 ಮೆಮೊರಿ ಸೆಕೆಂಡಿಗೆ ತಂದುಕೊಡುವುದು ಹೆಚ್ಚೆಂದರೆ 51.2 ಗಿಗಾಬೈಟ್, ಅಂದರೆ 640 ಕೋಟಿ ಸಂಖ್ಯೆಗಳು. ಭಾಗಿಸಿ ನೋಡಿದರೆ, ತಂದ ಪ್ರತಿ ಸಂಖ್ಯೆಯ ಮೇಲೂ 60 ಲೆಕ್ಕ ನಡೆದರಷ್ಟೇ ಪ್ರೊಸೆಸರ್ ಖಾಲಿ ಕೂರುವುದಿಲ್ಲ. ಉಗ್ರಾಣದಿಂದ ಸಾಮಾನು ಬಾರದಿದ್ದರೆ ಎಂಥ ಚುರುಕು ಕೈಯ ಬಾಣಸಿಗನೂ ಸುಮ್ಮನೆ ನಿಂತಿರಬೇಕಷ್ಟೆ. ಒಳ್ಳೆಯ ಬ್ಲಾಸ್ ಮಾಡುವುದು ಇಷ್ಟೇ: ಮಾತೃಕೆಯನ್ನು ಕ್ಯಾಶ್ ಮೆಮೊರಿಗೆ ಹಿಡಿಸುವ ತುಂಡುಗಳಾಗಿ ಒಡೆದು, ತಂದ ತುಂಡಿನ ಕೆಲಸವೆಲ್ಲ ಮುಗಿಯುವವರೆಗೂ ಅದನ್ನು ಹೊರಗೆ ಬಿಡದಿರುವುದು. ಗೋಟೊ ಮತ್ತು ವಾನ್ ಡಿ ಗೇನ್ 2008ರಲ್ಲಿ ಬರೆದ ಪ್ರಬಂಧ ಈ ಒಡೆಯುವ ಕ್ರಮವನ್ನು ಬಿಡಿಸಿ ಹೇಳಿದ ಮೇಲೆ ಅದು ಮಂತ್ರವಿದ್ಯೆಯಾಗಿ ಉಳಿಯಲಿಲ್ಲ. ಪಠ್ಯಪುಸ್ತಕದಲ್ಲಿರುವಂತೆ ಮೂರು ಲೂಪು ಬರೆದು ಬಿಟ್ಟ ಕೋಡಿಗೂ ಇದಕ್ಕೂ ಹತ್ತಾರು ಪಟ್ಟು ಅಂತರ ಬೀಳುವುದು ಈ ಕಾರಣದಿಂದ.

ಹಾಗಾದರೆ ಚುರುಕಾದ ಬ್ಲಾಸ್ ಲಿಂಕ್ ಮಾಡಿದೊಡನೆ ಸಿಮ್ಯುಲೇಷನ್ನೂ ಓಡಬೇಕಲ್ಲ? ಕ್ಯಾಲ್ಕ್ಯುಲಿಕ್ಸ್ ಇದಕ್ಕೆ ಸ್ವಾರಸ್ಯದ ಉತ್ತರ ಕೊಡುತ್ತದೆ. ಮ್ಯೂನಿಕ್‌ನ ಎಂಟಿಯು ವಿಮಾನ ಎಂಜಿನ್ ಕಂಪನಿಯ ಗಿಡೊ ಡೋಂಟ್ ಮತ್ತು ಕ್ಲೌಸ್ ವಿಟ್ಟಿಗ್ ಬರೆದು ಜಿಪಿಎಲ್ ಪರವಾನಗಿಯಲ್ಲಿ ಹಂಚಿದ ಈ ಫೈನೈಟ್ ಎಲಿಮೆಂಟ್ ತಂತ್ರಾಂಶ, ವಾಣಿಜ್ಯ ತಂತ್ರಾಂಶ ಅಬಾಕಸ್‌ನ ಇನ್‌ಪುಟ್ ಫೈಲನ್ನು ಬಹುಮಟ್ಟಿಗೆ ಹೋಲುವ ಫೈಲನ್ನೇ ಓದುವುದರಿಂದ ಸಣ್ಣ ವಿನ್ಯಾಸ ಕಚೇರಿಗಳಿಗೆ ಹತ್ತಿರವಾಗಿದೆ. ಅದರ ರೂಢಿಯ ಸಾಲ್ವರ್, ಅಂದರೆ ಸಮೀಕರಣಗಳನ್ನು ಬಿಡಿಸುವ ಭಾಗ, ಸ್ಪೂಲ್ಸ್, 1999ರದು. ಬೋಯಿಂಗ್‌ನ ಕ್ಲೀವ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು ಬರೆದ ಈ ಲೈಬ್ರರಿ ಬ್ಲಾಸ್‌ಗೆ ಕರೆ ಕೊಡುವುದೇ ಇಲ್ಲ. ಸಿ ಭಾಷೆಯ ತನ್ನದೇ ಲೂಪುಗಳಲ್ಲಿ ಎಲ್ಲವನ್ನೂ ಮಾಡಿಕೊಳ್ಳುತ್ತದೆ. ಹೀಗಾಗಿ ಕ್ಯಾಲ್ಕ್ಯುಲಿಕ್ಸ್‌ಗೆ ಓಪನ್‌ಬ್ಲಾಸನ್ನು ಜೋಡಿಸಿ, ಬಸ್‌ಬಾರ್ ಆಧಾರದ ಒಂದು ಸಾಮಾನ್ಯ ಸ್ಥಿತಿಸ್ಥಾಪಕ ಲೆಕ್ಕ ಓಡಿಸಿದವರಿಗೆ ಗಡಿಯಾರ ಹೆಚ್ಚೇನೂ ಕದಲಿದ್ದು ಕಾಣುವುದಿಲ್ಲ. ಕಂಪನದ ಆವರ್ತಾಂಕ ಹುಡುಕುವ ಆರ್‌ಪ್ಯಾಕ್ ಭಾಗ ಬ್ಲಾಸನ್ನು ಬಳಸುತ್ತದೆ ನಿಜ, ಅಲ್ಲೂ ಹೊತ್ತು ಹೋಗುವುದು ಮಾತೃಕೆಯನ್ನು ಅಪವರ್ತಿಸುವುದರಲ್ಲೇ. ಬದಲಿಸಬೇಕಾದ್ದು ಒಂದು ಹಂತ ಮೇಲೆ, ಸಾಲ್ವರ್‌ನಲ್ಲಿದೆ: ಎಂಕೆಎಲ್ ಒಳಗೇ ಇರುವ ಪಾರ್ಡಿಸೊ, ಫ್ರಾನ್ಸಿನ ಇನ್ರಿಯಾದಲ್ಲಿ ಬೆಳೆದ ಪ್ಯಾಸ್ಟಿಕ್ಸ್, ಕೋಡ್ ಆಸ್ಟರ್ ನೆಚ್ಚಿಕೊಂಡಿರುವ ಮಂಪ್ಸ್. ಇವು ಸಮೀಕರಣಗಳನ್ನು ಮರುಜೋಡಿಸಿ, ಬಹುಪಾಲು ಸೊನ್ನೆಗಳೇ ತುಂಬಿದ ವಿರಳ ಮಾತೃಕೆಯೊಳಗೆ ಅಡಗಿರುವ ದಟ್ಟ ತುಂಡುಗಳನ್ನು ಹೊರಗೆಳೆದು ಮೂರನೆಯ ಹಂತದ ಬ್ಲಾಸ್‌ಗೆ ಒಪ್ಪಿಸುತ್ತವೆ. ಡಫ್ ಮತ್ತು ರೀಡ್ 1983ರಲ್ಲಿ ವಿವರಿಸಿದ ಮಲ್ಟಿಫ್ರಂಟಲ್ ವಿಧಾನದ ಸಾರವೇ ಇದು. ಬಿಡಿಭಾಗವನ್ನು ಸಣ್ಣ ತುಣುಕುಗಳಾಗಿ ಒಡೆದ ಬಲೆ, ಅಂದರೆ ಮೆಶ್, ದೊಡ್ಡದಾದಷ್ಟೂ ಈ ದಟ್ಟ ತುಂಡುಗಳ ಪಾಲು ಏರುತ್ತದೆ. ಮೂರು ಆಯಾಮದ ಒಂದು ಬಿಡಿಭಾಗದ ಮೆಶ್ಶನ್ನು ಪ್ರತಿ ದಿಕ್ಕಿನಲ್ಲೂ ಎರಡರಷ್ಟು ನಯಗೊಳಿಸಿದರೆ ಅಜ್ಞಾತಗಳು 8 ಪಟ್ಟಾಗುತ್ತವೆ; ಒಳ್ಳೆಯ ಮರುಜೋಡಣೆ ಇದ್ದರೂ ಮೆಮೊರಿ ಸುಮಾರು 16 ಪಟ್ಟು, ಲೆಕ್ಕದ ಹೊರೆ 64 ಪಟ್ಟು ಬೆಳೆಯುತ್ತದೆ. ಮಧ್ಯಾಹ್ನದ ಊಟದೊಳಗೆ ಮುಗಿಯುತ್ತಿದ್ದ ಲೆಕ್ಕ ಮೂರು ದಿನ ಹಿಡಿಯುವುದು ಹೀಗೆ. ಆ 64 ಪಟ್ಟು ಹೊರೆಯಲ್ಲಿ ಬಹುಪಾಲು ದಟ್ಟ ಗುಣಾಕಾರವೇ ಆದ್ದರಿಂದ ಒಳ್ಳೆಯ ಲೈಬ್ರರಿಯ ಕೈಗೆ ಸಿಗುತ್ತದೆ.

ಹರಿವಿನ ಲೆಕ್ಕಕ್ಕೆ ಬಂದರೆ ಚಿತ್ರ ತಲೆಕೆಳಗು. 2004ರಲ್ಲಿ ಮುಕ್ತವಾದ ಓಪನ್‌ಫೋಮ್, ಸ್ವಿಚ್‌ಗೇರ್ ಪೆಟ್ಟಿಗೆಯೊಳಗಿನ ಗಾಳಿಯ ಓಡಾಟದಿಂದ ಹಿಡಿದು ಪಂಪಿನೊಳಗಿನ ನೀರಿನವರೆಗೆ ಎಲ್ಲವನ್ನೂ ಪುನರಾವರ್ತನೆಯ ವಿಧಾನಗಳಿಂದ ಬಿಡಿಸುತ್ತದೆ. ಅದರ ಮಾತೃಕೆಯ ರೂಪ ಅದರದೇ, ಗುಣಿಸುವ ಕೋಡೂ ಅದರದೇ. ಬ್ಲಾಸ್‌ಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಇದನ್ನು ಬರೆದವರ ಕೊರತೆ ಎನ್ನಲಾಗದು. ವಿರಳ ಮಾತೃಕೆಯನ್ನು ರೂಢಿಯ ರೀತಿಯಲ್ಲಿ ಇಟ್ಟುಕೊಂಡರೆ ಪ್ರತಿ ಸಂಖ್ಯೆಗೆ 8 ಬೈಟು, ಅದರ ವಿಳಾಸಕ್ಕೆ 4 ಬೈಟು. ಹೀಗೆ 12 ಬೈಟು ತಂದು ಮಾಡುವುದು ಎರಡೇ ಲೆಕ್ಕ. ಮೇಲೆ ಹೇಳಿದ ಯಂತ್ರದಲ್ಲಿ ಇದರಿಂದ ಸೆಕೆಂಡಿಗೆ 850 ಕೋಟಿ ಲೆಕ್ಕದಾಚೆ ಹೋಗಲಾಗದು, ಅಂದರೆ ಯಂತ್ರದ ಸಾಮರ್ಥ್ಯದ ಶೇಕಡಾ 2ಕ್ಕೆ ತುಸು ಹೆಚ್ಚು. ಯಾವ ಲೈಬ್ರರಿ ತಂದರೂ ಈ ಗೋಡೆ ಅಲ್ಲೇ ಇರುತ್ತದೆ. ಸೂಪರ್‌ಕಂಪ್ಯೂಟರುಗಳಿಗೂ ಇದು ತಪ್ಪಿದ್ದಲ್ಲ: ಜಪಾನಿನ ಫುಗಾಕು ದಟ್ಟ ಮಾತೃಕೆಯ ಪರೀಕ್ಷೆಯಲ್ಲಿ 442 ಪೆಟಾಫ್ಲಾಪ್ಸ್ ಮುಟ್ಟಿತು, ವಿರಳ ಮಾತೃಕೆಯ ಎಚ್‌ಪಿಸಿಜಿ ಪರೀಕ್ಷೆಯಲ್ಲಿ 16ರ ಹತ್ತಿರ ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗದ 3.3 ಪೆಟಾಫ್ಲಾಪ್ಸ್ ಎಂಬ ಅಂಕೆಯನ್ನೂ ಓಪನ್‌ಫೋಮ್ ಬಳಸುವವರು ಈ ಎಚ್ಚರದಿಂದಲೇ ಓದಬೇಕು. ಹರಿವಿನ ಲೆಕ್ಕಕ್ಕೆಂದು ಯಂತ್ರ ಕೊಳ್ಳುವವರು ಕೋರ್‌ಗಳ ಸಂಖ್ಯೆಗಿಂತ ಮೆಮೊರಿ ಚಾನೆಲ್‌ಗಳ ಸಂಖ್ಯೆ ನೋಡುವುದು ಜಾಣತನ. ಬಲದ ಲೆಕ್ಕದಲ್ಲೂ ಒಂದು ಮಿತಿ ಇದೆ. ಒಟ್ಟು ಸಮಯದಲ್ಲಿ ಶೇಕಡಾ 60 ಮಾತ್ರ ಅಪವರ್ತನೆಗೆ ಹೋಗುತ್ತಿದ್ದರೆ, ಅದನ್ನು ಕ್ಷಣಾರ್ಧಕ್ಕೆ ಇಳಿಸಿದರೂ ಒಟ್ಟಾರೆ ವೇಗ ಎರಡೂವರೆ ಪಟ್ಟು ಮೀರದು. ಆಮ್ಡಾಲ್ 1967ರಲ್ಲಿ ಹೇಳಿದ ಈ ಸರಳ ಭಾಗಾಕಾರ ಮಾಡದೆ ಕಂಪೈಲಿಗೆ ಕೂತವರು ಎರಡು ದಿನ ಕಳೆದುಕೊಳ್ಳುತ್ತಾರೆ. ಮೊದಲು ಪ್ರೊಫೈಲರ್ ಓಡಿಸಿ, ಹೊತ್ತು ಯಾವ ಫಂಕ್ಷನ್ನಿನಲ್ಲಿ ಕರಗುತ್ತಿದೆ ಎಂದು ನೋಡಲು ಅರ್ಧ ಗಂಟೆ ಸಾಕು.

ನೋಡಿದ ಮೇಲೂ ಕಂಪೈಲ್ ಮಾಡುವುದೇ ಸರಿ ಎನಿಸಿದರೆ, ಕೆಲಸ ಹೆಚ್ಚಿನದಲ್ಲ, ಆದರೆ ಎಡವುವ ಕಲ್ಲುಗಳು ಗೊತ್ತಿರಬೇಕು. ಕ್ಯಾಲ್ಕ್ಯುಲಿಕ್ಸ್‌ನ ಮೇಕ್‌ಫೈಲಿನಲ್ಲಿ ಸ್ಪೂಲ್ಸ್ ಮತ್ತು ಆರ್‌ಪ್ಯಾಕ್ ಎಂಬ ಗುರುತುಗಳ ಪಕ್ಕ ಪಾರ್ಡಿಸೊ ಎಂದು ಸೇರಿಸಿ, ಕೊನೆಗೆ ಎಂಕೆಎಲ್‌ನ ಕಡತಗಳ ಹೆಸರು ಕೊಟ್ಟರೆ ತಾತ್ವಿಕವಾಗಿ ಮುಗಿಯಿತು. ಎಂಕೆಎಲ್ ಒಂದೇ ಕಡತವಲ್ಲ, ಮೂರು ಪದರ: ಕಂಪೈಲರಿಗೆ ಹೊಂದುವ ಮುಖ, ಥ್ರೆಡ್ ನಡೆಸುವ ನಡು, ಲೆಕ್ಕ ಮಾಡುವ ಬುಡ. ಗ್ನೂ ಫೋರ್ಟ್ರಾನಿನಿಂದ ಕಂಪೈಲ್ ಮಾಡಿ ಇಂಟೆಲ್ ಫೋರ್ಟ್ರಾನಿನ ಮುಖವನ್ನು ಲಿಂಕ್ ಮಾಡಿದರೆ, ಸಂಕೀರ್ಣ ಸಂಖ್ಯೆ ಹಿಂದಿರುಗಿಸುವ ಫಂಕ್ಷನ್ನುಗಳು ಬೇರೆ ಬೇರೆ ಪದ್ಧತಿ ಹಿಡಿದು, ಆರ್‌ಪ್ಯಾಕ್ ನಡುವೆ ಪ್ರೋಗ್ರಾಂ ಬಿದ್ದುಹೋಗಬಹುದು. ಪೂರ್ಣಾಂಕದ ಅಳತೆ ಇನ್ನೊಂದು. 4 ಬೈಟಿನ ಪೂರ್ಣಾಂಕ 214 ಕೋಟಿಗೆ ಮುಗಿಯುತ್ತದೆ. ದೊಡ್ಡ ಮಾದರಿಗೆ 8 ಬೈಟಿನದು ಬೇಕು, ಆಗ ತಂತ್ರಾಂಶ, ಆರ್‌ಪ್ಯಾಕ್, ಲೈಬ್ರರಿ ಮೂರೂ ಅದನ್ನೇ ಬಳಸಬೇಕು. ಒಂದು ತಪ್ಪಿದರೂ ಲಿಂಕರ್ ದೂರು ಹೇಳುವುದಿಲ್ಲ, ಓಡುವಾಗ ಕೈಕೊಡುತ್ತದೆ. ಥ್ರೆಡ್ಡುಗಳದು ಮೂರನೆಯ ತಕರಾರು: ಕೋಡ್ ಆಸ್ಟರನ್ನು ಎಂಟು ಕೋರ್‌ಗಳ ಮೇಲೆ ಎಂಟು ಪ್ರೊಸೆಸ್ಸುಗಳಾಗಿ ಓಡಿಸಿ, ಒಳಗಿನ ಓಪನ್‌ಬ್ಲಾಸ್ ಪ್ರತಿಯೊಂದರಲ್ಲೂ ಎಂಟೆಂಟು ಥ್ರೆಡ್ ತೆರೆದರೆ 64 ಥ್ರೆಡ್ಡುಗಳು ಎಂಟು ಕೋರ್‌ಗಳಿಗೆ ಮುಗಿಬೀಳುತ್ತವೆ. ಹೊಸ ಲೈಬ್ರರಿಯಿಂದ ನಿಧಾನವಾಯಿತು ಎಂಬ ದೂರುಗಳಲ್ಲಿ ಬಹಳಷ್ಟರ ಬೇರು ಇಲ್ಲೇ. ಡೆಬಿಯನ್, ಉಬುಂಟು ವ್ಯವಸ್ಥೆಗಳಲ್ಲಿ ಬ್ಲಾಸ್ ಮಟ್ಟದ ಬದಲಾವಣೆಗೆ ಕಂಪೈಲ್ ಕೂಡ ಬೇಡ. ಹಂಚಿಕೊಂಡ ಲೈಬ್ರರಿಯ ಕೊಂಡಿಯನ್ನು ಓಪನ್‌ಬ್ಲಾಸಿಗೋ ಬ್ಲಿಸ್‌ಗೋ ತಿರುಗಿಸಿದರೆ ಎಲ್ಮರ್, ಸೈಲ್ಯಾಬ್ ಮುಂತಾದವು ತಾವಾಗಿ ಅದನ್ನು ಹಿಡಿಯುತ್ತವೆ. ಸಾಲ್ವರನ್ನೇ ಬದಲಿಸುವಾಗ ಮಾತ್ರ ಮೂಲ ಕೋಡು ಬೇಕು. ಮುಕ್ತ ತಂತ್ರಾಂಶದ ಹೆಚ್ಚುಗಾರಿಕೆ ದುಡ್ಡಿನ ಉಳಿತಾಯಕ್ಕಿಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟೆಲ್ಲ ಏಕೆ, ಇನ್ನೊಂದು ಒಳ್ಳೆಯ ಯಂತ್ರ ಕೊಂಡರಾಯಿತು ಎನ್ನುವವರಿದ್ದಾರೆ. ಹಳೆಯ ಲೂಪುಗಳು ಹೊಸ ಪ್ರೊಸೆಸರಿನ ಅಗಲ ಸೂಚನೆಗಳನ್ನು ಅಷ್ಟಾಗಿ ಬಳಸುವುದಿಲ್ಲವಾದ್ದರಿಂದ, ಕೊಂಡ ಸಾಮರ್ಥ್ಯದ ದೊಡ್ಡ ಪಾಲು ಬಳಕೆಯಾಗದೇ ಉಳಿಯುತ್ತದೆ ಎಂಬುದು ಅದಕ್ಕೆ ಉತ್ತರ. ಇದಕ್ಕಿಂತ ಗಟ್ಟಿ ಆಕ್ಷೇಪ ಲೆಕ್ಕದ ನಂಬಿಕೆಯದು. ಲೈಬ್ರರಿ ಬದಲಿಸಿದರೆ ಉತ್ತರದ ಕೊನೆಯ ಅಂಕೆಗಳು ಬದಲಾಗುತ್ತವೆ. ಥ್ರೆಡ್ ಸಂಖ್ಯೆ ಬದಲಿಸಿದರೂ ಆದೀತು. ಕಾರಣ ನಿಗೂಢವೇನಲ್ಲ. 16 ಸೊನ್ನೆಗಳ 10,00,00,00,00,00,00,000ಕ್ಕೆ 1 ಕೂಡಿಸಿ ಮತ್ತೆ ಆ ದೊಡ್ಡ ಸಂಖ್ಯೆಯನ್ನೇ ಕಳೆದರೆ ಕಂಪ್ಯೂಟರಿನ ದ್ವಿಗುಣ ನಿಖರತೆಯಲ್ಲಿ ಸಿಗುವುದು 0. ಮೊದಲು ಕಳೆದು ಆಮೇಲೆ ಕೂಡಿಸಿದರೆ 1. ಕೂಡುವ ಕ್ರಮ ಬದಲಾದರೆ ಮೊತ್ತ ತುಸು ಬದಲಾಗುತ್ತದೆ, ವೇಗದ ಲೈಬ್ರರಿ ಮಾಡುವುದೇ ಕ್ರಮ ಬದಲಿಸುವುದನ್ನು. ಆದರೆ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕದ ಮೂರನೆಯ ಅಂಕೆಯಲ್ಲೇ ಸಂಶಯವಿರುವಾಗ ಹದಿನಾಲ್ಕನೆಯ ಅಂಕೆಗೆ ಕಳವಳ ಪಡುವುದು ವ್ಯರ್ಥ. ಕಳವಳ ಪಡಬೇಕಾದ್ದು ಕೊನೆಯ ಅಂಕೆಯ ವ್ಯತ್ಯಾಸ ಮೊದಲ ಅಂಕೆಗೆ ಏರಿದಾಗ. ಆಗ ದೋಷ ಮಾದರಿಯಲ್ಲಿದೆ, ಎಲ್ಲೋ ಒಂದು ಆಧಾರ ಸಡಿಲವಿದೆ, ಅಥವಾ ಬಾಗಿ ಕುಸಿಯುವ ಅಂಚಿನಲ್ಲಿ ಲೆಕ್ಕ ನಡೆದಿದೆ. ಹೊಸದಾಗಿ ಕಂಪೈಲ್ ಮಾಡಿದ ಪ್ರತಿಯನ್ನು ನಂಬುವ ಮುಂಚೆ ಅದರೊಂದಿಗೇ ಬರುವ ಪರೀಕ್ಷಾ ಮಾದರಿಗಳನ್ನೆಲ್ಲ ಓಡಿಸಿ ಹಳೆಯ ಫಲಿತಾಂಶಕ್ಕೆ ಹೋಲಿಸಬೇಕು. ಜೊತೆಗೆ ನಾಫೆಮ್ಸ್ ಸಂಸ್ಥೆಯ ದಪ್ಪ ತಟ್ಟೆಯ ಸಮಸ್ಯೆಯಂಥ ಹೊರಗಿನ ಒಂದು ಮಾನದಂಡ: ಅಲ್ಲಿ ಗೊತ್ತಾದ ಬಿಂದುವಿನಲ್ಲಿ ಒತ್ತಡ 5.38 ಮೆಗಾಪಾಸ್ಕಲ್ ಬರಬೇಕು. ಬಾರದಿದ್ದರೆ ವೇಗ ತೆಗೆದುಕೊಂಡು ಏನು ಮಾಡುವುದು?

ಒಂದು ಆಕ್ಷೇಪಕ್ಕೆ ಮಾತ್ರ ಪೂರ್ಣ ಉತ್ತರವಿಲ್ಲ: ಇಪ್ಪತ್ತು ಜನರ ಪ್ರೆಸ್ ಟೂಲ್ ಘಟಕದಲ್ಲಿ ಇದನ್ನು ಮಾಡುವವರು ಯಾರು? ಮುಂಬೈ ಐಐಟಿಯ ಫಾಸಿ ಯೋಜನೆ ಸೈಲ್ಯಾಬ್, ಓಪನ್‌ಫೋಮ್ ಮುಂತಾದವನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ಒಯ್ದಿದೆ. ಅಲ್ಲಿನದೇ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ. ಬಳಸುವುದನ್ನು ಅವು ಕಲಿಸುತ್ತವೆ, ಲಿಂಕರ್‌ನ ಜಗಳ ಬಿಡಿಸುವುದು ಬೇರೆಯದೇ ಕೌಶಲ. ಅದು ಪ್ರತಿ ಘಟಕಕ್ಕೂ ಬೇಕಾಗಿಯೂ ಇಲ್ಲ. ಅಂಬಡ್‌ನಲ್ಲೇ ಇರುವ ನಾಶಿಕ್ ಎಂಜಿನಿಯರಿಂಗ್ ಕ್ಲಸ್ಟರ್‌ನಂಥ ಸಾಮೂಹಿಕ ಸೌಲಭ್ಯದಲ್ಲಿ ಚೆನ್ನಾಗಿ ಕಂಪೈಲ್ ಮಾಡಿ ಪರೀಕ್ಷಿಸಿದ ಒಂದು ಪ್ರತಿ ಇದ್ದರೆ ಹತ್ತಾರು ಘಟಕಗಳಿಗೆ ಸಾಕಾದೀತು. ಪರವಾನಗಿಯ ತೊಡಕೂ ಆಗ ಹಗುರಾಗುತ್ತದೆ. ಜಿಪಿಎಲ್‌ನ ಕ್ಯಾಲ್ಕ್ಯುಲಿಕ್ಸ್‌ಗೆ ಮುಚ್ಚಿದ ಕೋಡಿನ ಎಂಕೆಎಲ್ ಲಿಂಕ್ ಮಾಡಿ ತನ್ನ ಯಂತ್ರದಲ್ಲಿ ಓಡಿಸಿಕೊಳ್ಳಲು ಅಡ್ಡಿಯಿಲ್ಲ, ಬೇರೆಯವರ ಮಾದರಿಯನ್ನು ಅಲ್ಲೇ ಓಡಿಸಿ ಫಲಿತಾಂಶ ಕೊಡಲೂ ಅಡ್ಡಿಯಿಲ್ಲ. ಆ ಜೋಡಿಸಿದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಪಕ್ಕದ ಘಟಕಕ್ಕೆ ಕೊಟ್ಟರೆ ಜಿಪಿಎಲ್‌ನ ಷರತ್ತು ಎದ್ದು ನಿಲ್ಲುತ್ತದೆ. ಹಂಚಲೇಬೇಕೆಂದಿದ್ದರೆ ಪ್ಯಾಸ್ಟಿಕ್ಸ್ ಮತ್ತು ಓಪನ್‌ಬ್ಲಾಸ್‌ನ ಜೋಡಿ ಇದೆ, ಎರಡೂ ಮುಕ್ತ. ಎಎಂಡಿ ಪ್ರೊಸೆಸರ್ ಇರುವಲ್ಲಿ ಈ ಜೋಡಿಯನ್ನೇ ಮೊದಲು ಅಳೆದು ನೋಡಬೇಕು. ಎಂಕೆಎಲ್, ಪ್ರೊಸೆಸರ್ ತಯಾರಕರ ಹೆಸರು ನೋಡಿ ದಾರಿ ಆರಿಸುತ್ತಿದ್ದುದೂ, ಅದನ್ನು ತಪ್ಪಿಸಲು ಬಳಕೆದಾರರು ಕಂಡುಕೊಂಡಿದ್ದ ಒಂದು ಗುಪ್ತ ಸೆಟ್ಟಿಂಗು 2020ರ ಆವೃತ್ತಿಯೊಂದರಲ್ಲಿ ಮಾಯವಾದದ್ದೂ ಹಳೆಯ ಕಥೆಯಾಗಿಲ್ಲ. ಮುಂದೆ ಕೈಯಿಂದ ಬರೆದ ಅಸೆಂಬ್ಲಿಯ ಕಾಲವೇ ಕಳೆಯಬಹುದು: ಭಾರತೀಯ ವಿಜ್ಞಾನ ಸಂಸ್ಥೆಯ ಉದಯ ಬೊಂಡುಗುಲ 2020ರಲ್ಲಿ ಎಂಎಲ್‌ಐಆರ್ ಎಂಬ ಕಂಪೈಲರ್ ಚೌಕಟ್ಟಿನಿಂದಲೇ ಮಾತೃಕಾ ಗುಣಾಕಾರದ ಕೋಡು ಹುಟ್ಟಿಸಿ, ಅದು ಓಪನ್‌ಬ್ಲಾಸ್, ಎಂಕೆಎಲ್‌ಗಳಿಗೆ ಹೆಗಲೆಣೆಯಾಗಿ ನಿಲ್ಲಬಲ್ಲುದೆಂದು ತೋರಿಸಿದರು. ಆ ದಾರಿ ವಿರಳ ಸಾಲ್ವರುಗಳವರೆಗೆ ಬಂದು ಮುಟ್ಟುವ ತನಕ ಮೇಕ್‌ಫೈಲ್ ತಿದ್ದುವ ಕೆಲಸ ಇದ್ದೇ ಇರುತ್ತದೆ.